ಮಗಳ ನಕ್ಷೆಗೊಂದು ತಕರಾರು

ನಾಲಿಗೆಗೆ ಎಲುಬಿಲ್ಲ ಎಂಬ ಮಾತನ್ನು ನನ್ನ ಹೆಂಡತಿ ಶಾಮಲಮ್ಮ ಮದುವೆಯಾದ ಹೊಸದರಲ್ಲೇ ನನ್ನ ಮುಖ ನೋಡಿ ಹೇಳಿದ್ದಳು. ಅದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಅರವತ್ತೆರಡು ವರ್ಷ ತುಂಬಬೇಕಾಯಿತು. ಜೊತೆಗೆ ಶ್ರೀನಿವಾಸಪುರದ ಪುರಸಭೆಯ ಸಭಾಂಗಣದಲ್ಲಿ, ಒಂದು ಕಾಲು ಅಲ್ಲಾಡುವ ಮೇಜಿನ ಹಿಂದೆ ಅರವತ್ತು ದಿನ ಕೂರಬೇಕಾಯಿತು.

ನನ್ನ ಹೆಸರು ಮುನಿಕೃಷ್ಣಪ್ಪ. ಕೋಲಾರದ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಟ್ರೇಸರ್ ಆಗಿದ್ದವನು. ಟ್ರೇಸರ್ ಎಂದರೆ, ಸಾಹೇಬರು ಪೆನ್ಸಿಲ್ಲಿನಲ್ಲಿ ಗೀಚಿದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ ಅದನ್ನು ಇಂಕಿನಲ್ಲಿ ನೀಟಾಗಿ ಎತ್ತಿಕೊಳ್ಳುವವನು. ಆಗ ಊರುಗಳು ಬೆಳೆಯುತ್ತಿದ್ದದ್ದೂ ನಮ್ಮ ಕೈ ಓಡುವಷ್ಟು ವೇಗದಲ್ಲೇ. ನರಸಾಪುರಕ್ಕೆ ಕಾರ್ಖಾನೆಗಳು ಬಂದದ್ದೇ ತಡ, ಎಲ್ಲರಿಗೂ ಹುಚ್ಚು ಹಿಡಿಯಿತು. ರಾಗಿ ಹೊಲದಲ್ಲಿ ಕಲ್ಲು ನೆಟ್ಟರು, ಕಲ್ಲಿಗೆ ಬಣ್ಣ ಬಳಿದರು, ಬಣ್ಣ ಒಣಗುವ ಮೊದಲೇ ಬಡಾವಣೆಗೆ ಹೆಸರಿಟ್ಟರು. ಮಾಲೂರಿಗೆ ಮಾಸ್ಟರ್ ಪ್ಲಾನ್ ಬೇಕು, ಮುಳಬಾಗಿಲಿಗೆ ಬೇಕು, ಶ್ರೀನಿವಾಸಪುರಕ್ಕೂ ಬೇಕು. ಇನ್ನು ಇಪ್ಪತ್ತು ವರ್ಷ ಊರು ಯಾವ ಕಡೆ ಬೆಳೆಯಬೇಕು, ಮನೆ ಎಲ್ಲಿ, ಅಂಗಡಿ ಎಲ್ಲಿ, ರಸ್ತೆ ಎಲ್ಲಿ ಎಂದು ಹೇಳುವ ನಕ್ಷೆ ಅದು. ಅಷ್ಟೊಂದು ಕೆಲಸ ಮಾಡುವ ಜನ ಸರ್ಕಾರದಲ್ಲಿಲ್ಲ. ಖಾಸಗಿಯವರಿಗೆ ವಹಿಸಿದರು. ನಾನು ನಿವೃತ್ತನಾದ ಮರುತಿಂಗಳೇ ಅಮರನಾಥ್ ಎಂಬ ಹುಡುಗ ಮನೆಗೆ ಬಂದು ನನ್ನನ್ನು ತನ್ನ ಆಫೀಸಿಗೆ ಕರೆದುಕೊಂಡು ಹೋದ. ಹುಡುಗ ಎಂದರೆ ನಲವತ್ತರವನು. ಎರಡು ಕಂಪ್ಯೂಟರಿನಿಂದ ಶುರು ಮಾಡಿ ಈಗ ಒಂದು ಮಹಡಿ ತುಂಬ ಕಂಪ್ಯೂಟರ್ ಇಟ್ಟುಕೊಂಡಿದ್ದಾನೆ. ಬುದ್ಧಿವಂತ, ಒಳ್ಳೆಯವನು, ಮೂರು ಹೊತ್ತೂ ಅವಸರ.

ಮಿಸ್ಬಾ ಅಲ್ಲಿಗೆ ಬಂದದ್ದು ನನಗಿಂತ ಒಂದು ವರ್ಷ ತಡವಾಗಿ. ಇಪ್ಪತ್ತಮೂರು ವರ್ಷದ ಹುಡುಗಿ, ಶ್ರೀನಿವಾಸಪುರದವಳು. ಅಪ್ಪ ಅಜ್ಮತುಲ್ಲಾ ಮಾವಿನ ಮಂಡಿಯಲ್ಲಿ ಮರದ ಪೆಟ್ಟಿಗೆ ಹೊಡೆಯುವವರು. ಸುಗ್ಗಿ ಮುಗಿದ ಮೇಲೆ ಮಂಚ, ಬಾಗಿಲು ರಿಪೇರಿ. ತಾಯಿ ಪರ್ವೀನ್ ಸುಗ್ಗಿಯಲ್ಲಿ ಕಾಯಿ ವಿಂಗಡಿಸುತ್ತಾರೆ. ಆ ಮನೆಯಿಂದ ಹೋಗಿ ನಗರ ಯೋಜನೆಯಲ್ಲೇ ಡಿಗ್ರಿ ಮಾಡಿಕೊಂಡು ಬಂದವಳು. ಬಂದ ವಾರವೇ ನನ್ನ ಮೇಜಿನ ಹತ್ತಿರ ನಿಂತು, "ಸರ್, ಕಂಪ್ಯೂಟರ್ ಅಕ್ಷರಕ್ಕೆ ಜೀವ ಇಲ್ಲ ಅಂತ ದಿನಾ ಬೈತೀರಲ್ಲ, ಜೀವ ಇರೋ ಅಕ್ಷರ ಹೆಂಗೆ ಬರೆಯೋದು ತೋರಿಸಿ" ಅಂದಳು. ಮೂವತ್ತೈದು ವರ್ಷದಲ್ಲಿ ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. ನನಗೆ ಇಬ್ಬರು ಗಂಡುಮಕ್ಕಳು. ಅವರಿಗೆ ನಕ್ಷೆ ಎಂದರೆ ಫೋನಿನೊಳಗೆ ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಅನ್ನುವ ಹೆಂಗಸಿನ ದನಿ, ಅಷ್ಟೇ. ಅಂದಿನಿಂದ ಊಟದ ಹೊತ್ತಿನಲ್ಲಿ ಮಿಸ್ಬಾಗೆ ಅಕ್ಷರ ತಿದ್ದಿಸಿದೆ, ಗೀಟು ಎಳೆಯುವುದನ್ನು ಹೇಳಿಕೊಟ್ಟೆ. ಹುಡುಗಿಯ ಮೇಲೆ ನನಗೆ ಮಮತೆ ಹುಟ್ಟಿತು. ಅದನ್ನು ಮುಚ್ಚಿಡುವುದೇನಿದೆ.

ಶ್ರೀನಿವಾಸಪುರದ ಕೆಲಸ ಅವಳ ಪಾಲಿಗೆ ಬಂತು. ಅದೇ ಹೊತ್ತಿಗೆ ಮಾಲೂರಿನದೂ ತಲೆ ಮೇಲೆ ಕೂತಿತ್ತು. ಮೊದಲಾದರೆ ನಾವು ಬೀದಿ ಬೀದಿ ತಿರುಗಿ, ಯಾವುದು ಮನೆ ಯಾವುದು ಅಂಗಡಿ ಎಂದು ನೋಡಿ ಬಣ್ಣ ಹಾಕುತ್ತಿದ್ದೆವು. ಮನೆಗೆ ಹಳದಿ, ಅಂಗಡಿಗೆ ನೀಲಿ. ಈಗ ಆಕಾಶದಿಂದ ತೆಗೆದ ಫೋಟೋ ಬರುತ್ತದೆ. ಅದನ್ನು ನಲವತ್ತೆರಡು ಹಾಳೆಯಾಗಿ ಕತ್ತರಿಸಿ, ಪರದೆಯ ಮೇಲೆ ನೋಡಿಕೊಂಡೇ ಬಣ್ಣ ತುಂಬುವುದು. ಆಮೇಲೆ ಒಬ್ಬರು ಹಾಳೆಗಳನ್ನು ಹಿಡಿದುಕೊಂಡು ಊರು ಸುತ್ತಿ ತಾಳೆ ನೋಡಬೇಕು. ಆ ಒಬ್ಬರು ನಾನು. ಹನ್ನೊಂದು ದಿನದಲ್ಲಿ ಮುಗಿಸಬೇಕು ಎಂದು ಅಮರನಾಥ್ ಹೇಳಿದ. ನನ್ನ ಮಂಡಿ ನೋವು ಬೇರೆ. "ಶ್ರೀನಿವಾಸಪುರ ನನಗೆ ಅಂಗೈ ಗೆರೆ ಇದ್ದ ಹಾಗೆ" ಎಂದು ಕೊಚ್ಚಿಕೊಂಡೆ. ಪೇಟೆಯ ಹತ್ತು ಹಾಳೆಗಳನ್ನು ಮಾತ್ರ ನಡೆದು ನೋಡಿದೆ. ಉಳಿದ ಮೂವತ್ತೆರಡಕ್ಕೆ ಆಫೀಸಿನಲ್ಲೇ ಕೂತು, ಕಾಫಿ ಕುಡಿಯುತ್ತ, 'ಪರಿಶೀಲಿಸಿದೆ' ಎಂದು ಗುರುತು ಹಾಕಿದೆ.

ನಕ್ಷೆ ಸಿದ್ಧವಾಯಿತು. ಫೆಬ್ರವರಿಯಲ್ಲಿ ಪುರಸಭೆಯ ಸಭಾಂಗಣದ ಗೋಡೆಗೆ, ಬಾಗಿಲಿನಷ್ಟು ದೊಡ್ಡ ಹಾಳೆಗಳಾಗಿ ಅಂಟಿಸಿದರು. ಅರವತ್ತು ದಿನ ಯಾರು ಬೇಕಾದರೂ ಬಂದು ನೋಡಬಹುದು, ತಪ್ಪಿದ್ದರೆ ತಕರಾರು ಬರೆದು ಕೊಡಬಹುದು. ಬರೆದು ಕೊಟ್ಟರೆ ಮಾತ್ರ ತಿದ್ದುಪಡಿ. ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಅರ್ಜಿ ತೆಗೆದುಕೊಂಡು ನಂಬರ್ ಹಾಕಿ ರಸೀದಿ ಕೊಡುವ ಕೆಲಸಕ್ಕೆ ನನ್ನನ್ನು ಕೂರಿಸಿದರು. ಮಿಸ್ಬಾಳನ್ನು ಮಾಲೂರಿನ ಕೆಲಸಕ್ಕೆ ಹಾಕಿದರು. ಬೆಳಗ್ಗೆ ಏಳರ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಮನೆಗೆ.

ಮೊದಲನೇ ದಿನವೇ ವೆಂಕಟರತ್ನಮ್ಮ ಒಳಗೆ ಬಂದಳು. ಪುರಸಭೆಯ ಗೇಟಿನ ಹತ್ತಿರ ಟೀ, ಮಜ್ಜಿಗೆ ಮಾರುವ ತಳ್ಳುಗಾಡಿ ಅವಳದು, ಮನೆಮಾತು ತೆಲುಗು. ಮಾವಿನ ಸುಗ್ಗಿ ಬಂತೆಂದರೆ ಗಾಡಿ ಬಿಟ್ಟು ಮಂಡಿ ಬಯಲಿನಲ್ಲಿ ಒಲೆ ಹೂಡುತ್ತಾಳೆ. ಹಮಾಲಿಗಳಿಗೆಲ್ಲ ಅವಳದೇ ಮುದ್ದೆ ಸಾರು. ನನಗೆ ಮಜ್ಜಿಗೆ ಕೊಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡಿದಳು.

"ಇದೇಮಿ ಸ್ವಾಮೀ, ರಂಗೋಲಿ ಇದ್ದಂಗೈತೆ. ಯಾರು ಬರ್ದಿದ್ದು?"

"ನಿಮ್ಮೂರ ಹುಡುಗೀನೇ. ಪೆಟ್ಟಿಗೆ ಅಜ್ಮತ್ ಭಾಯ್ ಮಗಳು ಮಿಸ್ಬಾ. ಇಲ್ನೋಡು, ಮೂಲೇಲಿ ಹೆಸರೈತೆ." ಮೂಲೆಯ ಚೌಕದಲ್ಲಿ 'ಸಿದ್ಧಪಡಿಸಿದವರು: ಮಿಸ್ಬಾ ಎ.' ಎಂದಿತ್ತು.

"ನಮ್ಮ ಮಿಸ್ಬಾನಾ! ಬಂಗಾರು ತಲ್ಲಿ. ಕಾಯಿ ರಾಶಿ ಮೇಲೆ ಮಲಗಿಸ್ತಿದ್ವಿ ಅದನ್ನ." ಅವಳ ಕಣ್ಣು ಒದ್ದೆಯಾಯಿತು. ಆಮೇಲೆ ನನ್ನ ಮುಂದಿದ್ದ ದಪ್ಪ ಪುಸ್ತಕ ತೋರಿಸಿ, "ಇದ್ಯಾಕೆ?" ಅಂದಳು.

ಇಲ್ಲಿ ನನ್ನ ಎಲುಬಿಲ್ಲದ ನಾಲಿಗೆ ಕೆಲಸ ಮಾಡಿತು. ತಕರಾರು ಬರೆದುಕೊಳ್ಳುವ ಪುಸ್ತಕ ಎಂದಷ್ಟೇ ಹೇಳಿ ಸುಮ್ಮನಿರಬಹುದಿತ್ತು. ನನಗೆ ಎಲ್ಲ ಗೊತ್ತು ಎಂದು ತೋರಿಸಿಕೊಳ್ಳುವ ಚಟ. "ನೋಡು ವೆಂಕಟರತ್ನಮ್ಮ, ಇದ್ರಲ್ಲಿ ಒಂದೊಂದು ತಕರಾರು ಬಿದ್ದಂಗೂ ನಕ್ಷೆ ಬರ್ದೋರಿಗೆ ಒಂದೊಂದು ಕಪ್ಪು ಚುಕ್ಕಿ. ಮಿಸ್ಬಾ ಇನ್ನೂ ಪ್ರೊಬೇಷನ್ ಮೇಲಿದಾಳೆ. ತಕರಾರು ಕಮ್ಮಿ ಬಂದಷ್ಟೂ ಅವಳ ಕೆಲಸ ಗಟ್ಟಿ" ಅಂದೆ. ಅಂಥ ನಿಯಮ ಎಲ್ಲೂ ಇಲ್ಲ. ಬಾಯಿಗೆ ಬಂತು, ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ನನ್ನಂಥವರಿಗೇ ಹೇಳಿದ್ದಿರಬೇಕು.

ಮಾರನೆಯ ದಿನದಿಂದ ಮಂಡಿಯ ಜನ ಬರತೊಡಗಿದರು. ಹಮಾಲಿಗಳು, ಲೆಕ್ಕ ಬರೆಯುವವರು, ಟ್ರ್ಯಾಕ್ಟರ್ ನರೇಶ್, ಕಾಯಿ ವಿಂಗಡಿಸುವ ಹೆಂಗಸರು. ಎಲ್ಲರೂ ನೇರ ಮೂಲೆಗೆ ಹೋಗಿ ಹೆಸರು ನೋಡುವವರೇ. ಫೋನಿನಲ್ಲಿ ಹೆಸರಿನ ಫೋಟೋ ತೆಗೆದುಕೊಂಡು, ನಕ್ಷೆಯ ಮೇಲೂ ಒಮ್ಮೆ ಕಣ್ಣಾಡಿಸಿ ಹೋಗುವರು. ಮುತ್ಯಾಲಮ್ಮ ಎಂಬ ಮುದುಕಿ ಆ ಹೆಸರಿಗೆ ಅರಿಶಿನ ಕುಂಕುಮ ಹಚ್ಚಲು ಹೊರಟಿದ್ದಳು. ಸರ್ಕಾರಿ ಕಾಗದ ಎಂದು ಕೈಮುಗಿದು ತಡೆದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಿ ಮಂಡಿಗೆ ಮಂಡಿಯೇ ಆ ಹುಡುಗಿಯನ್ನು ಹೆತ್ತಂತಿತ್ತು. ನಾನು ಹಿಗ್ಗಿದೆ. ಬೇರೆ ಬೀದಿಗಳವರು ಬಂದು ಜಗಳವಾಡಿ ಬರೆದು ಕೊಟ್ಟರು. ತನ್ನ ಮನೆಯನ್ನು ಚರಂಡಿ ಮಾಡಿದ್ದೀರಿ ಎಂದು ಒಬ್ಬ, ಸ್ಮಶಾನದ ದಾರಿ ಬಿಟ್ಟುಹೋಗಿದೆ ಎಂದು ಒಬ್ಬ. ಮಂಡಿ ಕಡೆಯಿಂದ ಒಂದೇ ಒಂದು ತಕರಾರಿಲ್ಲ. ಎಂಥಾ ತೃಪ್ತ ಜನ ಎಂದುಕೊಂಡೆ.

ರಂಜಾನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಅಜ್ಮತುಲ್ಲಾ ಬಂದರು. ಬಿಳಿ ಟೋಪಿ, ಜೇಬಿನಲ್ಲಿ ಮೊಂಡು ಪೆನ್ಸಿಲ್. ಮಜ್ಜಿಗೆ ಕೊಡಹೋದರೆ, "ರೋಜಾ ಐತೆ ಸಾರ್" ಎಂದು ನಕ್ಕರು. ಮಗಳ ಹೆಸರಿನ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ಯಲ್ದೂರು ರಸ್ತೆಯ ಕಡೆಯ ಹಾಳೆಗೆ ಬಂದು, ಒಂದು ಕಡೆ ನಾಲ್ಕು ಬೆರಳು ಊರಿದರು.

"ಸಾರ್, ಇದ್ರಲ್ಲಿ ಒಂದು ಬೆರಳಗಲ ಅಂದ್ರೆ ನೆಲದ ಮೇಲೆ ಎಷ್ಟಡಿ?"

"ಒಂದು ನೂರ ಮೂವತ್ತು ಬರಬಹುದು ಭಾಯ್."

ತುಟಿಯಲ್ಲೇ ಲೆಕ್ಕ ಹಾಕಿಕೊಂಡರು. ಬೆರಳು ತೆಗೆದು, ಅಲ್ಲಿ ಹಾದುಹೋಗಿದ್ದ ಬೂದು ಬಣ್ಣದ ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು. "ಗೀಟು ನೇರ ಎಳ್ದೈತೆ ಮಗು" ಅಂದರು. "ನಾನು ಹೇಳಿಕೊಟ್ಟಿದ್ದು" ಎಂದು ಬೀಗಿದೆ. "ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ಹೇಳಿ ಹೊರಟುಹೋದರು. ಆ ತಿಂಗಳಲ್ಲಿ ಇನ್ನೂ ಎರಡು ಸಲ ಬಂದರು. ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತು ನೋಡಿ ಹೋದರು. ಅಲ್ಲೇನಿದೆ ಎಂದು ನಾನು ಎದ್ದು ಹೋಗಿ ನೋಡಲಿಲ್ಲ. ಮಂಡಿ ನೋವಲ್ಲವೇ.

ರಂಜಾನ್ ಮುಗಿಯಿತು, ಯುಗಾದಿಯೂ ಕಳೆಯಿತು. ಐವತ್ತೇಳನೆಯ ದಿನ ಯಲ್ದೂರಿನ ಆವಲಪ್ಪ ಬಂದ. ಹನ್ನೆರಡು ಎಕರೆ ಮಾವಿನ ತೋಪಿನ ಯಜಮಾನ. ಚಿಕ್ಕಂದಿನಿಂದ ನನಗೆ ಗುರುತು, ಬಾಯಿ ಜೋರು.

"ಏನ್ಲಾ ಮುನಿಕೃಷ್ಣ, ಇದ್ರಲ್ಲಿ ಮಂಡಿ ಎಲ್ಲೈತೆ?"

"ಇಲ್ಲೇ ಎಲ್ಲೋ ಇರ್ಬೇಕು ನೋಡು, ಯಲ್ದೂರು ರಸ್ತೆ ಪಕ್ಕ."

"ಕಾಣ್ತಿಲ್ಲ ಕಣೋ. ಇಲ್ಲಿ ಯಾವ್ದೋ ಎಂಬತ್ತಡಿ ರಸ್ತೆ ಐತೆ. ಎಡಕ್ಕೂ ಬಲಕ್ಕೂ ಹಳದಿ. ಬರೋ ವರ್ಷ ನನ್ನ ತೋತಾಪುರಿ ಎಲ್ಲಿ ಇಳಿಸ್ಲಿ, ನಿನ್ನ ಮನೆ ಮುಂದೆ ಇಳಿಸ್ಲಾ?"

ಎದ್ದು ಹೋಗಿ ನೋಡಿದೆ. ಮಂಡಿ ಇರಲಿಲ್ಲ.

ಮಂಡಿ ಬಯಲು ಪುರಸಭೆಗೆ ಸೇರಿದ ಆರು ಎಕರೆ. ಮೇ ತಿಂಗಳಿಂದ ಜುಲೈ ಕೊನೆಯವರೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಪ್ಪರ, ಲಾರಿ, ಹುಲ್ಲು, ಪೆಟ್ಟಿಗೆ, ಕಾಯಿಯ ಬೆಟ್ಟ. ಆಗಸ್ಟಿನಲ್ಲಿ ಚಪ್ಪರ ಬಿಚ್ಚಿದರೆ ಮುಗಿಯಿತು. ಉಳಿದ ಒಂಬತ್ತು ತಿಂಗಳು ಬರೀ ಕೆಂಪು ಮಣ್ಣು, ಎರಡು ಮೇಕೆ. ಆಕಾಶದ ಫೋಟೋ ತೆಗೆದದ್ದು ಹಿಂದಿನ ವರ್ಷದ ಜನವರಿಯಲ್ಲಿ. ಅದೂ ಸಾಲದೆಂದು ಬಯಲಿನ ಅರ್ಧ ಹದಿನೇಳನೆಯ ಹಾಳೆಗೂ ಅರ್ಧ ಹದಿನೆಂಟನೆಯ ಹಾಳೆಗೂ ಹಂಚಿಹೋಗಿತ್ತು. ದಿನಕ್ಕೆ ಆರು ಹಾಳೆ ಬಣ್ಣ ತುಂಬುತ್ತಿದ್ದ ಹುಡುಗಿಗೆ ಒಂದು ಹಾಳೆಯ ಅಂಚಿನಲ್ಲಿ ಬರಿ ಮಣ್ಣು ಕಂಡಿತು, ಇನ್ನೊಂದರ ಅಂಚಿನಲ್ಲೂ ಬರಿ ಮಣ್ಣು ಕಂಡಿತು. ಖಾಲಿ ಜಾಗ ಎಂದು ಗುರುತು ಮಾಡಿದಳು. ಖಾಲಿ ಜಾಗವಾದರೆ ಯಾರ ಮನೆಯನ್ನೂ ಕೆಡವಬೇಕಾಗಿಲ್ಲ ಎಂದು ಅಮರನಾಥ್ ಅದರ ನಡುವೆ ರಸ್ತೆ ತಂದ, ಎರಡೂ ಕಡೆ ಮನೆಗೆ ಬಿಟ್ಟ. ಎರಡೂ ಹಾಳೆಯ ಮೂಲೆಯಲ್ಲಿ ಚೆಂದವಾಗಿ ಕೂತಿತ್ತು ನನ್ನ ಗುರುತು, 'ಪರಿಶೀಲಿಸಿದೆ'.

"ಕೊಡು ಪುಸ್ತಕ, ಬರೀತೀನಿ" ಎಂದು ಆವಲಪ್ಪ ಪೆನ್ನು ತೆಗೆದ. ಅಷ್ಟರಲ್ಲಿ ಮಜ್ಜಿಗೆ ತಂದ ವೆಂಕಟರತ್ನಮ್ಮ ಲೋಟ ಮೇಜಿನ ಮೇಲೆ ಕುಕ್ಕಿ ಅವನ ಕೈ ಹಿಡಿದಳು.

"ವದ್ದಣ್ಣಾ, ಬರೀಬೇಡ! ಮಗು ಕೆಲಸ ಹೋಗ್ತದೆ!"

"ಯಾವ ಮಗುವೇ?"

"ಮಿಸ್ಬಾ. ಈ ಸ್ವಾಮೀನೇ ಹೇಳವ್ರೆ. ಒಂದು ತಕರಾರಿಗೆ ಒಂದು ಕಪ್ಪು ಚುಕ್ಕಿ."

ನಾನು ಅವಳನ್ನೇ ನೋಡಿದೆ. "ವೆಂಕಟರತ್ನಮ್ಮ, ಮಂಡಿ ಹೋಗ್ತದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏಮಿ? ಮೊದಲ್ನೇ ವಾರಾನೇ ನರೇಶ ನೋಡ್ಕೊಂಡು ಬಂದು ಹೇಳ್ದ. ಎಲ್ರೂ ಕೂತು ಮಾತಾಡಿದ್ವಿ. ನಮ್ಮ ಕೈಯಲ್ಲಿ ಬೆಳೆದ ಮಗು, ಮೊದಲ್ನೇ ಕೆಲಸ. ನಾವೇ ಅದರ ಹೊಟ್ಟೆ ಮೇಲೆ ಹೊಡೆಯೋದಾ? ಒಲೆ ಹೂಡೋಕೆ ಇನ್ನೆಲ್ಲಾದ್ರೂ ಮೂರು ಕಲ್ಲು ಸಿಗ್ತವೆ, ಬಿಡಿ ಅಂದೆ."

ಇನ್ನೂರು ಜನರ ಅನ್ನದ ಜಾಗ. ಎರಡು ತಿಂಗಳಿಂದ ಅದು ಹೋಗುವುದನ್ನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು, ನಾನು ಜಂಬಕ್ಕೆ ಹೇಳಿದ ಒಂದು ಸುಳ್ಳಿಗಾಗಿ. ತಾನೂ ಕೆಟ್ಟ ಕೋತಿ ವನವನ್ನೂ ಕೆಡಿಸಿತಂತೆ. ನನಗೆ ಅಳು ಬಂತು. ಆವಲಪ್ಪ ನನ್ನನ್ನು ಇನ್ನೊಂದಿಷ್ಟು ಬೈದು, ಪೆನ್ನು ಜೇಬಿಗೆ ಹಾಕಿಕೊಂಡು, "ಮೊದ್ಲು ನೀನು ಇದನ್ನ ಸರಿ ಮಾಡು, ನಾಳೆ ಬರ್ತೀನಿ" ಎಂದು ಹೋದ.

ಸಂಜೆ ಅಜ್ಮತುಲ್ಲಾ ಮನೆಗೆ ಹೋದೆ. ಪಡಸಾಲೆಯಲ್ಲಿ ಒಂದು ಮಂಚವನ್ನು ಕವುಚಿ ಹಾಕಿಕೊಂಡು ಕಾಲು ಕೂರಿಸುತ್ತಿದ್ದರು. ನಾನು ಎಲ್ಲ ಹೇಳಿದೆ. ಕಪ್ಪು ಚುಕ್ಕಿಯ ನಿಯಮ ನಾನು ಹುಟ್ಟಿಸಿದ್ದು, ನೋಡದೆ ಗುರುತು ಹಾಕಿದವನೂ ನಾನೇ, ಇನ್ನು ಮೂರು ದಿನ ಉಳಿದಿದೆ, ನೀವು ಮಂಡಿಯವರೆಲ್ಲ ಬರೆದು ಕೊಡಿ ಎಂದು ಕೈಮುಗಿದೆ. ಅವರು ಸುತ್ತಿಗೆ ಕೆಳಗಿಟ್ಟರು.

"ಸಾರ್, ನೀವು ದೊಡ್ಡೋರು. ನಮ್ಮ ಜಾಗ ಹೋಗ್ತದೆ ಅಂತ ಮರುಗಿ ಹಿಂಗೆ ಹೇಳ್ತಿದೀರಿ. ತಪ್ಪೆಲ್ಲ ನಿಮ್ಮ ಮೇಲೆ ಹಾಕ್ಕೋಬೇಡಿ."

ಸುಳ್ಳು ಹೇಳಿದಾಗ ಊರಿಗೆ ಊರೇ ನಂಬಿತ್ತು. ನಿಜ ಹೇಳಿದರೆ ಒಬ್ಬರೂ ನಂಬುತ್ತಿಲ್ಲ. "ಇಲ್ಲ ಭಾಯ್, ದೇವರಾಣೆ" ಅಂದೆ.

"ಇರ್ಲಿ ಸಾರ್. ಬಯಲು ಮೂರು ತಿಂಗಳದು. ಮಗು ಹೆಸರು ಅದರ ಜನ್ಮಕ್ಕೆಲ್ಲಾ. ನನ್ನ ಮಗಳ ಮೇಲೆ ನಾನೇ ತಕರಾರು ಬರೀಲಾ?"

ಒಳಗಿಂದ ಪರ್ವೀನ್ ಟೀ ತಂದರು. "ಅವಳಿಗೆ ಹೇಳ್ಬೇಡಿ ಸಾರ್. ಸುಸ್ತಾಗಿ ಬರ್ತಾಳೆ, ಉಂಡು ಮಲಗ್ತಾಳೆ. ಗೊತ್ತಾದ್ರೆ ಒಡ್ದೋಗ್ತಾಳೆ ಹುಡುಗಿ" ಅಂದರು.

"ಏನು ಹೇಳ್ಬಾರ್ದು?"

ಮಿಸ್ಬಾ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಆ ದಿನ ಬಸ್ಸು ಬೇಗ ಸಿಕ್ಕಿತ್ತಂತೆ. ಅವಳು ನನ್ನನ್ನು ನೋಡಿದಳು. ಈ ಸಲ ನನ್ನ ನಾಲಿಗೆ ಏಳಲಿಲ್ಲ, ಆದರೂ ಎಬ್ಬಿಸಿ ಹೇಳಿದೆ.

ಹುಡುಗಿ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ಕವುಚಿದ ಮಂಚದ ಮೇಲೆ ಇಟ್ಟು, ಹದಿನೇಳನೆಯ ಹಾಳೆಯನ್ನೂ ಹದಿನೆಂಟನೆಯದನ್ನೂ ಪಕ್ಕಪಕ್ಕ ತಂದು ಜೋಡಿಸಿದಳು. ಎರಡು ತುಂಡು ಕೆಂಪು ಮಣ್ಣು ಸೇರಿ ಒಂದು ಬಯಲಾಯಿತು. ಮೂಲೆಯಲ್ಲಿ ಬೇವಿನ ಮರ, ಅದರ ಪಕ್ಕ ಗೋಡೆ ಬಿದ್ದ ನೀರಿನ ತೊಟ್ಟಿ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ನಾನು ನಡೆಯೋದು ಕಲ್ತಿದ್ದೇ ಇಲ್ಲಿ ಸರ್. ನಾನೇ ಖಾಲಿ ಅಂತ ಬರ್ದೆ."

"ಗುರುತು ಹಾಕಿದ್ದು ನಾನಮ್ಮ."

"ಬಣ್ಣ ಹಾಕಿದ್ದು ನಾನು." ಕಣ್ಣೀರು ಸುರಿಯುತ್ತಿತ್ತು. ಅಪ್ಪನ ಕಡೆ ತಿರುಗಿದಳು. "ಅಬ್ಬಾ, ನಿಂಗೆ ಮೊದಲೇ ಗೊತ್ತಿತ್ತಾ?"

ಅಜ್ಮತುಲ್ಲಾ ಪೆನ್ಸಿಲ್ ಜೇಬಿಗೆ ಹಾಕುವುದು, ತೆಗೆಯುವುದು ಮಾಡುತ್ತಿದ್ದರು. "ಗೀಟು ನೇರ ಐತೆ ಬೇಟಾ" ಅಂದರು.

ಅವಳು ಅಪ್ಪನ ಮುಂದೆ ನೆಲದ ಮೇಲೆ ಕೂತು, "ನಾಳೆ ಮೊದಲ್ನೇ ತಕರಾರು ನಂದು. ಎರಡ್ನೇದು ನೀನು ಕೊಡ್ಬೇಕು" ಅಂದಳು.

"ನಾನು ಕೊಡಲ್ಲ."

"ಕಪ್ಪು ಚುಕ್ಕಿ ಗಿಪ್ಪು ಚುಕ್ಕಿ ಏನೂ ಇಲ್ಲ ಅಬ್ಬಾ. ಸರ್ ಹೇಳಿದ್ದು ನಿಜ."

"ಇಲ್ದಿದ್ರೂ ನಿಮ್ಮ ಆಫೀಸಿನೋರು ಕೋಪ ಮಾಡ್ಕೊಳಲ್ವಾ?"

"ಮಾಡ್ಕೋತಾರೆ."

"ಕೆಲಸದಿಂದ ತೆಗೀಬೋದಾ?"

ಮಿಸ್ಬಾ ಸುಳ್ಳು ಹೇಳಲಿಲ್ಲ. "ತೆಗೀಬೋದು."

"ಮತ್ತೆ?"

"ತೆಗೆದ್ರೆ ಮೇ ತಿಂಗಳಲ್ಲಿ ಬಂದು ನಿನ್ನ ಪಕ್ಕ ಕೂತು ಪೆಟ್ಟಿಗೆ ಹೊಡೀತೀನಿ. ಹೊಡೆಯೋಕೆ ಜಾಗ ಇರ್ಬೇಕಲ್ಲಬ್ಬಾ."

ಪರ್ವೀನ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಜ್ಮತುಲ್ಲಾ ಮಗಳ ತಲೆಯ ಮೇಲೆ ಕೈಯಿಟ್ಟರು. ನನ್ನ ಟೀ ಆರಿಹೋಗಿತ್ತು. ಅದನ್ನು ಒಂದೇ ಗುಟುಕಿಗೆ ಕುಡಿದು ಬಸ್ ಸ್ಟ್ಯಾಂಡಿಗೆ ನಡೆದೆ.

ಮಾರನೆಯ ದಿನ ಬಾಗಿಲು ತೆಗೆಯುವ ಮೊದಲೇ ಮಿಸ್ಬಾ ಬಂದಿದ್ದಳು, ರಜೆ ಹಾಕಿ. ನಾನು ಕಲಿಸಿದ ಅಕ್ಷರದಲ್ಲೇ ಬರೆದಿದ್ದಳು. 'ನಾನು ಮಿಸ್ಬಾ, ಅಜ್ಮತುಲ್ಲಾ ಮತ್ತು ಪರ್ವೀನ್ ಅವರ ಮಗಳು. ಈ ನಕ್ಷೆಯಲ್ಲಿ ಯಲ್ದೂರು ರಸ್ತೆಯ ಮಾವಿನ ಮಂಡಿ ಬಿಟ್ಟುಹೋಗಿದೆ. ಬಿಟ್ಟವಳು ನಾನು.' ನಂಬರ್ ಹಾಕಿದೆ. ರಸೀದಿ ಕೊಟ್ಟೆ. ನನ್ನದೊಂದು ತಕರಾರನ್ನೂ ಬರೆದೆ: ಹಾಳೆ ಹದಿನೇಳು, ಹದಿನೆಂಟು, ಪರಿಶೀಲಿಸಿದವನು ಪರಿಶೀಲಿಸಿಲ್ಲ.

ಆಮೇಲೆ ಅಜ್ಮತುಲ್ಲಾ ಬಂದರು. ಕನ್ನಡ ಬರೆಯಲು ಬಾರದು. ಮಗಳ ಕೈಯಲ್ಲಿ ಬರೆಸಲು ಒಪ್ಪದೆ, ಅವಳನ್ನು ಹೊರಗೆ ಕಳಿಸಿ, ನನ್ನ ಕೈಯಲ್ಲಿ ಬರೆಸಿದರು. ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದರು. ಅವರ ಹಿಂದೆ ವೆಂಕಟರತ್ನಮ್ಮ, ನರೇಶ, ಮುತ್ಯಾಲಮ್ಮ. ಬಾಗಿಲಾಚೆ ಸಾಲು. ಅಜ್ಮತ್ ಭಾಯ್ ಬರೆಸಿದ ಹಾಗೇ ನಮಗೂ ಬರೀರಿ ಎಂದು ಎಲ್ಲರದೂ ಒಂದೇ ಬೇಡಿಕೆ. ಆವಲಪ್ಪನೂ ಬಂದು, "ನಂಗೂ ಅದೇ ಹಾಕಪ್ಪ" ಅಂದ. ನಮ್ಮಿಬ್ಬರದು ಬಿಟ್ಟು ಮೂರು ದಿನದಲ್ಲಿ ನೂರ ಹದಿನೆಂಟು. ನನ್ನ ಬೆರಳು ಊದಿಕೊಂಡವು.

ಕೊನೆಯ ದಿನ ಸಂಜೆ ಅಮರನಾಥ್ ಕೋಲಾರದಿಂದ ಕಾರು ಓಡಿಸಿಕೊಂಡು ಬಂದ. ಮುಖ ಕೆಂಪಗಿತ್ತು. ಮೂಲೆಯಲ್ಲಿ ನಿಂತಿದ್ದ ಮಿಸ್ಬಾಳಿಗೆ, "ನಮ್ಮ ನಕ್ಷೆಗೆ ನಾವೇ ತಕರಾರು ಹಾಕ್ಕೋತೀವೇನಮ್ಮ? ಒಂದು ಫೋನ್ ಮಾಡೋಕಾಗ್ಲಿಲ್ವಾ?" ಎಂದು ರೇಗಿದ. ನನಗೆ, "ಸರ್, ನೀವು ಸ್ವಲ್ಪ ದಿನ ಮನೇಲಿ ರೆಸ್ಟ್ ತಗೊಳ್ಳಿ" ಅಂದ. ನ್ಯಾಯವಾದ ಮಾತೇ. ಕುರ್ಚಿ ಎಳೆದುಕೊಂಡು ಅರ್ಜಿಗಳನ್ನು ಒಂದೊಂದಾಗಿ ಓದಿ ತಿರುವಿಹಾಕತೊಡಗಿದ. ಮೊದಲ ನಾಲ್ಕನ್ನು ರಪರಪ ಎಸೆದ. ಹತ್ತನೆಯದಕ್ಕೆ ಕೈ ನಿಧಾನವಾಯಿತು. ಹತ್ತು ಹನ್ನೆರಡನ್ನು ಒಟ್ಟಿಗೆ ಎತ್ತಿಕೊಂಡು, ಬರೀ ಕೊನೆಯ ಸಾಲುಗಳನ್ನೇ ನೋಡಿದ.

ಅಜ್ಮತುಲ್ಲಾ ಬರೆಸಿದ್ದು ಇಷ್ಟು: 'ನಕ್ಷೆ ಚೆನ್ನಾಗಿದೆ. ಗೀಟು ನೇರವಾಗಿದೆ. ಮಂಡಿ ಮಾತ್ರ ಬಿಟ್ಟುಹೋಗಿದೆ, ಸೇರಿಸಿಕೊಡಬೇಕು. ಬರೆದವಳು ಚಿಕ್ಕವಳು. ದಯವಿಟ್ಟು ಅವಳ ಮೇಲೆ ಕೋಪ ಮಾಡಿಕೊಳ್ಳಬೇಡಿ.'

ನೂರ ಹದಿನೆಂಟರಲ್ಲೂ ಕೊನೆಯ ಸಾಲು ಅದೇ. ಆವಲಪ್ಪನದರಲ್ಲೂ ಅದೇ.

ಅಮರನಾಥ್ ಅರ್ಜಿಗಳನ್ನೆಲ್ಲ ಸರಿಯಾಗಿ ಜೋಡಿಸಿಟ್ಟ. ವೆಂಕಟರತ್ನಮ್ಮ ಕೇಳದೆಯೇ ಒಂದು ಲೋಟ ಮಜ್ಜಿಗೆ ತಂದಿಟ್ಟಳು. ಕುಡಿದು ಬಾಯಿ ಒರೆಸಿಕೊಂಡು, "ಪ್ರೊಬೇಷನ್ ಇನ್ನಾರು ತಿಂಗಳು ಜಾಸ್ತಿ ಮಾಡ್ತೀನಿ" ಎಂದು ಮಿಸ್ಬಾಗೆ ಹೇಳಿದ. "ಮೇ ತಿಂಗಳಲ್ಲಿ ಬಯಲು ತುಂಬಿದಾಗ ಇನ್ನೊಂದ್ಸಲ ಅಳತೆ ಮಾಡ್ಬೇಕು. ನೀನೇ ಮಾಡು."

ಮೇ ಮೂರನೆಯ ವಾರ ಅಳತೆಗೆ ಹೋದೆವು. ನಾನು ರೆಸ್ಟಿನಲ್ಲೇ ಇದ್ದೆ, ಕರೆಯದಿದ್ದರೂ ಹೋದೆ. ರಸ್ತೆಯನ್ನು ಬಯಲಿನ ಆಚೆಗೆ ಬಳಸಿ ತರುವುದೆಂದು ತೀರ್ಮಾನವಾಗಿತ್ತು. ಸರ್ಕಾರದ ಒಪ್ಪಿಗೆ ಬರಬೇಕು, ಬರುತ್ತದೆ ಎಂದಿದ್ದಾರೆ. ಮೂರು ತಿಂಗಳು ಮಾತ್ರ ಇರುವ ಮಂಡಿಗೆ ನಕ್ಷೆಯ ಬಣ್ಣಗಳ ಪಟ್ಟಿಯಲ್ಲಿ ಜಾಗವೇ ಇಲ್ಲ ಎಂದು ಮಿಸ್ಬಾ ತಲೆ ಕೆಡಿಸಿಕೊಂಡಿದ್ದಳು. ಹಿಂದೆ ನಾವು ಎರಡು ಉಪಯೋಗದ ಜಾಗಕ್ಕೆ ಓರೆ ಗೀಟು ಹಾಕುತ್ತಿದ್ದೆವು, ಬಿಳಿಯ ಮೇಲೆ ನೀಲಿ ಗೀಟು ಎಳೆ ಎಂದೆ. ಎಳೆದಳು. ಮಂಡಿ ಎಂದು ಹೆಸರನ್ನು ಕೈಯಲ್ಲೇ ಬರೆದಳು.

ಬಯಲಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಬಾದಾಮಿ ಮಾವಿನ ವಾಸನೆ, ಹಮಾಲಿಗಳ ಕೂಗು, ವೆಂಕಟರತ್ನಮ್ಮನ ಒಲೆಯ ಹೊಗೆ. ಅಳತೆಯ ಟೇಪಿನ ಒಂದು ತುದಿಯನ್ನು ಬೇವಿನ ಮರದ ಹತ್ತಿರ ಯಾರಾದರೂ ಹಿಡಿಯಬೇಕಿತ್ತು. ಅಜ್ಮತುಲ್ಲಾ ಸುತ್ತಿಗೆ ಬಿಟ್ಟು ಎದ್ದು ಬಂದು, ಹಿಡಿದು, ಕುಕ್ಕರುಗಾಲಲ್ಲಿ ಕೂತರು.

"ಗಟ್ಟಿಯಾಗಿ ಹಿಡ್ಕೊ ಅಬ್ಬಾ, ಬಿಡ್ಬೇಡ."

"ಬಿಡಲ್ಲ. ನೀನು ನಡಿ."

ಹುಡುಗಿ ಟೇಪು ಬಿಚ್ಚಿಕೊಂಡು ಲಾರಿಗಳ ನಡುವೆ, ಕಾಯಿಯ ರಾಶಿಗಳ ನಡುವೆ ನಡೆದಳು. ದಾರಿಯುದ್ದಕ್ಕೂ ಜನ ಪಕ್ಕಕ್ಕೆ ಸರಿದು, ಟೇಪು ತುಳಿಯದ ಹಾಗೆ ಕಾಲೆತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಅವಳು ನಮಗೆ ಕಾಣಲಿಲ್ಲ. ಆ ತುದಿಯಿಂದ ದನಿ ಮಾತ್ರ ಬಂತು. "ಐನೂರ ಹದಿನಾಲ್ಕು ಅಡಿ, ಸರ್!"

ನಾನು ಬರೆದುಕೊಂಡೆ. ಅಜ್ಮತುಲ್ಲಾ ಒಂದು ಕೈಯಲ್ಲಿ ಟೇಪು ಹಿಡಿದುಕೊಂಡೇ, ಅಂದು ನಕ್ಷೆಯ ಮೇಲೆ ಊರಿದ್ದ ಹಾಗೆ ಇನ್ನೊಂದು ಕೈಯ ನಾಲ್ಕು ಬೆರಳನ್ನು ಜೋಡಿಸಿ ನೋಡಿಕೊಂಡರು.

"ನಾಲ್ಕು ಬೆರಳು ಸಾರ್" ಅಂದರು. "ಸರಿಯಾಗೈತೆ."